ಬೀಗವಿಲ್ಲದ ಪುಸ್ತಕ

ಅಮ್ಮನ ಟ್ಯಾಬ್‌ನಲ್ಲಿದ್ದ ಕಾದಂಬರಿ ಒಂದು ಭಾನುವಾರ ಬೆಳಗ್ಗೆ ಮಾಯವಾಗಿತ್ತು. ಮುಖಪುಟದ ಚಿತ್ರವಿದ್ದ ಕಡೆ ಬೂದುಬಣ್ಣದ ಚೌಕ, ಅದರ ಕೆಳಗೆ 'ಈ ಪುಸ್ತಕ ಈಗ ಲಭ್ಯವಿಲ್ಲ' ಎಂಬ ಒಂದು ಸಾಲು. ಒತ್ತಿದೆ, ಟ್ಯಾಬ್ ಆಫ್ ಮಾಡಿ ಆನ್ ಮಾಡಿದೆ, ಮತ್ತೆ ಒತ್ತಿದೆ. ದುಡ್ಡು ಕೊಟ್ಟು ತಂದ ಪುಸ್ತಕ ಮನೆಯೊಳಗಿಂದ ತಾನೇ ಎದ್ದು ಹೋಗಿದೆ ಎಂದರೆ ನಂಬುವುದು ಹೇಗೆ? ಮನೆಗೆ ಕಳ್ಳ ನುಗ್ಗಿದ್ದರೂ ನನಗೆ ಅಷ್ಟು ಗಾಬರಿಯಾಗುತ್ತಿರಲಿಲ್ಲ.

ಅಮ್ಮ ಇರುವುದು ಮುಚ್ಚಿಹೋದ ಚಿನ್ನದ ಗಣಿಯ ಊರು ಕೋರಮಂಡಲ್‌ನಲ್ಲಿ, ಗಣಿ ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ, ನನ್ನ ತಮ್ಮನ ಸಂಸಾರದ ಜೊತೆ. ನಾನು ಬಂಗಾರಪೇಟೆಯವಳಾಗಿ ಬಹಳ ಕಾಲವಾಯಿತು, ಭಾನುವಾರ ಬಸ್ಸು ಹತ್ತಿ ಬಂದು ಹೋಗುತ್ತೇನೆ. ಈಚೆಗೆ ಅಮ್ಮನಿಗೆ ಕಣ್ಣಿನ ನಡುಭಾಗವೆಲ್ಲ ಮಂಜು. ಆಪರೇಷನ್ನಿಗೆ ಹೋಗುವ ಜಾತಿಯದಲ್ಲ ಎಂದು ಡಾಕ್ಟರು ಕೈಚೆಲ್ಲಿದ ಮೇಲೆ ಅಚ್ಚಿನ ಪುಸ್ತಕಗಳನ್ನು ಅವಳು ಮುಟ್ಟುವುದನ್ನೇ ಬಿಟ್ಟಿದ್ದಳು. ಟ್ಯಾಬ್ ತಂದು, ಅಕ್ಷರವನ್ನು ಹೆಬ್ಬೆರಳ ಉಗುರಿನಷ್ಟು ದೊಡ್ಡದು ಮಾಡಿ ಕೈಗೆ ಕೊಟ್ಟ ದಿನ ಒಂದೊಂದೇ ಪದ ಹಿಡಿದು ಜೋರಾಗಿ ಓದಿದಳು. ನನಗೆ ಅಳು ತಡೆಯಲಾಗಲಿಲ್ಲ.

"ಮೂಗು ಒರೆಸ್ಕೊಳ್ಳೇ," ಎಂದಳು. "ನಾನ್ ಓದೋದು ನಂಗೇ ಕೇಳಿಸ್ತಿಲ್ಲ."

ಸಂಜೆ ಬಾಗಿಲ ಮೆಟ್ಟಿಲ ಮೇಲೆ ಅವಳ ಓದು. ಕೇಳುವುದಕ್ಕೆ ಪಕ್ಕದ ಮನೆ ಅತ್ತೆ ತಪ್ಪದೆ ಬರುತ್ತಿದ್ದರು. ಸಂಬಂಧದ ಅತ್ತೆಯಲ್ಲ, ಚಿಕ್ಕಂದಿನಿಂದ ಹಾಗೆ ಕರೆದು ರೂಢಿ. ಅವರ ಮನೆಮಾತು ತಮಿಳು, ನನ್ನನ್ನು ಮುದ್ದಿಗೆ 'ಕಣ್ಣು' ಎನ್ನುತ್ತಾರೆ. ಕನ್ನಡ ಕೇಳಿದರೆ ಎಲ್ಲ ತಿಳಿಯುತ್ತದೆ, ಓದಲು ಬರುವುದಿಲ್ಲ. ಅವರ ಒಬ್ಬಳೇ ಮಗಳು ಜಗಳವಾಡಿಕೊಂಡು ಮನೆ ಬಿಟ್ಟು ಹೋಗಿ ವರ್ಷಗಳಾಗಿವೆ. ಫೋನಿಲ್ಲ, ಸುದ್ದಿಯಿಲ್ಲ. ಲೈನಿನಲ್ಲಿ ಎಲ್ಲರ ಮನೆ ವಿಷಯವನ್ನೂ ಅಗಿಯುವ ಜನ ಅತ್ತೆಯ ಮುಂದೆ ಅದೊಂದನ್ನು ಮಾತ್ರ ಎತ್ತುವುದಿಲ್ಲ. ಅಮ್ಮ ಓದುತ್ತಿದ್ದ ಹಳೆಯ ಕಾದಂಬರಿಯಲ್ಲೂ ಒಬ್ಬ ಮಗಳು ತಾಯಿಯ ಮೇಲೆ ಮುನಿಸಿಕೊಂಡು ಗಾಡಿ ಹತ್ತಿ ಹೋಗಿದ್ದಳು. ಅವಳು ತಿರುಗಿ ಬರುತ್ತಾಳಾ ಇಲ್ಲವಾ, ಅತ್ತೆಗೆ ಬೇಕಾಗಿದ್ದದ್ದು ಅದೊಂದೇ. ಪುಸ್ತಕ ಕೈಕೊಟ್ಟದ್ದು ಸರಿಯಾಗಿ ಅಲ್ಲಿ.

ಪುಸ್ತಕ ಮಾರಿದ ಆನ್‌ಲೈನ್ ಅಂಗಡಿಯವರಿಗೆ ಫೋನ್ ಹಚ್ಚಿದೆ. ಅಂಗಡಿ ಮುಚ್ಚಿದ್ದೇವೆ, ಅದರಲ್ಲಿ ಕೊಂಡ ಪುಸ್ತಕಗಳು ಇನ್ನು ತೆರೆಯುವುದಿಲ್ಲ ಎಂದಳು ಆ ಕಡೆಯ ಹುಡುಗಿ.

"ನೀವು ತಗೊಂಡಿದ್ದು ಪುಸ್ತಕ ಅಲ್ಲ ಮೇಡಂ, ಓದೋಕೆ ಅನುಮತಿ ಅಷ್ಟೇ."

ನಾನು ಬಾಯಿಗೆ ಬಂದದ್ದು ಅಂದೆ. ಮೊದಲಿನಿಂದಲೂ ಆ ಪುಸ್ತಕದ್ದು ಅತಿ ಬಿಗುಮಾನ. ಟ್ಯಾಬ್‌ನ ದನಿಯಲ್ಲಿ ಓದಿಸೋಣ ಎಂದರೆ ಒಪ್ಪಿರಲಿಲ್ಲ, ನನ್ನ ಫೋನಿಗೆ ಒಂದು ಪ್ರತಿ ಕಳಿಸೋಣ ಎಂದರೆ ಬಿಟ್ಟಿರಲಿಲ್ಲ. ಯಾರೂ ಕದಿಯಬಾರದೆಂದು ಹಾಕಿದ ಬೀಗವಂತೆ. ಈಗ ಕೀಲಿ ಇಟ್ಟುಕೊಂಡವರೇ ಊರು ಬಿಟ್ಟಿದ್ದರು.

ಅಮ್ಮನಿಗೆ ಮಾತ್ರ ಏನೂ ಅನ್ನಿಸಿದಂತಿರಲಿಲ್ಲ. "ಈ ಮನೆ ಇದ್ದಂಗೆ ಅನ್ನು," ಎಂದಳು. "ಕಂಪ್ನಿ ಇರೋಕೆ ಕೊಡ್ತು, ನಿಂದು ಅನ್ನಲಿಲ್ಲ. ನಿಮ್ಮಪ್ಪ ತೀರ್ಕೊಂಡ್ಮೇಲೂ ನಾವಿಲ್ಲೇ ಸುಣ್ಣ ಬಳ್ಕೊಂಡು ಇಲ್ವಾ? ಅದ್ಕ್ಯಾಕೆ ಅಂಗೆ ಕಿರುಚ್ತೀಯ, ಅಕ್ಕಪಕ್ಕ ಕೇಳಿಸ್ತೈತೆ."

ಅವಳ ಆ ತಣ್ಣಗಿನ ಮಾತಿಗೆ ನನ್ನ ಸಿಟ್ಟು ಇನ್ನೂ ಏರಿತು. ಬಂಗಾರಪೇಟೆಗೆ ಬಂದವಳೇ ಹುಡುಕಲು ಕೂತೆ. ಅಲ್ಲಿ ಮತ್ತೊಂದು ಪೆಟ್ಟು ಕಾದಿತ್ತು. ಅದೇ ಕಾದಂಬರಿ ಇಂಟರ್‌ನೆಟ್ಟಿನಲ್ಲಿ ಬಿಟ್ಟಿಯಾಗಿ ಬಿದ್ದಿತ್ತು. ಬರೆದವರು ತೀರಿಕೊಂಡು ಎಷ್ಟೋ ಕಾಲವಾಗಿ ಹಕ್ಕಿನ ಅವಧಿ ಮುಗಿದಿತ್ತು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಊರಿಗೆಲ್ಲ ಬಿಟ್ಟಿ ಸಿಗುವುದನ್ನು ನಾನು ಬೀಗದ ಸಮೇತ ಕೊಂಡು ತಂದಿದ್ದೆ. ಎಂಥ ಪೆದ್ದಿ ಎಂದು ನನಗೆ ನಾನೇ ಬೈದುಕೊಂಡೆ.

ಮುಂದಿನ ಭಾನುವಾರ ಅದನ್ನು ಹಾಕಿಕೊಟ್ಟೆ. ಅದು ಹಾಳೆಗಳ ಫೋಟೊ ಹಿಡಿದು ಮಾಡಿದ ಪಿಡಿಎಫ್. ದೊಡ್ಡದು ಮಾಡಿದರೆ ಸಾಲು ಪರದೆಯಿಂದಾಚೆ ಹೋಗುತ್ತಿತ್ತು. ಅಮ್ಮ ಬೆರಳಲ್ಲಿ ಎಡಕ್ಕೆಳೆದು, ಬಲಕ್ಕೆಳೆದು, ಯಾವ ಸಾಲಿನಲ್ಲಿದ್ದೆ ಎಂಬುದೇ ತಪ್ಪಿ, ಕೊನೆಗೆ ಕಣ್ಣು ಮುಚ್ಚಿ ಗೋಡೆಗೆ ಒರಗಿದಳು. "ತಲೆ ತಿರುಗ್ತೈತೆ ಕಣೇ. ತೆಗೆದಿಕ್ಕು." ದನಿಯಲ್ಲಿ ಓದಿಸಲು ನೋಡಿದರೆ, ಟ್ಯಾಬ್‌ಗೆ ಅದು ಬರೀ ಚಿತ್ರ. ಅಕ್ಷರವೆಂದು ಗೊತ್ತೇ ಆಗಲಿಲ್ಲ.

ಪುಸ್ತಕ ಸಿಕ್ಕರೆ ಸಾಲದು, ಯಾವ ರೂಪದಲ್ಲಿ ಸಿಗುತ್ತದೆ ಎಂಬುದನ್ನೂ ನೋಡಬೇಕು ಎಂದು ಆಗ ತಿಳಿಯಿತು. ಇಪಬ್ ಎಂಬುದು ಬೇರೆ ಥರ. ಅಕ್ಷರ ಎಷ್ಟು ಹಿಗ್ಗಿಸಿದರೂ ಸಾಲುಗಳು ಪರದೆಯ ಅಗಲಕ್ಕೆ ತಾವೇ ಮಡಚಿಕೊಳ್ಳುತ್ತವೆ. ಇನ್ನೊಂದು ತಾಣದಲ್ಲಿ ಯಾರೋ ಪುಣ್ಯಾತ್ಮರು ಇಡೀ ಕಾದಂಬರಿಯನ್ನು ಕೂತು ಟೈಪ್ ಮಾಡಿ ಆ ರೂಪದಲ್ಲಿ ಹಾಕಿದ್ದರು. ಬೀಗವಿಲ್ಲ. ಯಾರಿಗೆ ಬೇಕಾದರೂ ಕೊಡಬಹುದು, ಫೋನೇ ಓದಿ ಹೇಳುತ್ತದೆ. ಸಿಕ್ಕಿದ ಖುಷಿಗೆ ಭಾನುವಾರದವರೆಗೆ ತಡೆಯದೆ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಕೂತು ಕೊನೆಯ ಭಾಗ ಓದಿದೆ. ಮಗಳು ಬರುವುದಿಲ್ಲ. ತಾಯಿ ಬಾಗಿಲು ನೋಡುತ್ತ ನೋಡುತ್ತ ಸಾಯುತ್ತಾಳೆ.

ಲೈನಿನ ತಿರುವಿಗೆ ಬರುವಷ್ಟರಲ್ಲಿ ಅಮ್ಮನ ಓದು ಕೇಳಿಸಿತು. ಎಲ್ಲೂ ತಡವರಿಸದ ದನಿ. ಮೆಟ್ಟಿಲ ಮೇಲೆ ತೊಡೆಯಲ್ಲಿ ಟ್ಯಾಬ್ ಇಟ್ಟುಕೊಂಡು ಕೂತಿದ್ದಳು, ಎದುರಿಗೆ ಅತ್ತೆ. ತಮ್ಮ ಏನೋ ಸರಿಮಾಡಿರಬೇಕು ಎಂದುಕೊಂಡು ಹಿಂದಿನಿಂದ ಹೋಗಿ ಇಣುಕಿದೆ.

ಪರದೆ ಕಪ್ಪಗಿತ್ತು. ಟ್ಯಾಬ್ ಆನ್ ಆಗಿಯೇ ಇರಲಿಲ್ಲ.

ಅಮ್ಮ ಆ ಕಪ್ಪು ಗಾಜಿನ ಮೇಲೆ ಬೆರಳಾಡಿಸಿ ಹಾಳೆ ಮಗುಚಿದಳು. ಮಳೆಯಲ್ಲಿ ನೆನೆದುಕೊಂಡು ಮಗಳು ಬಂದಳು, ತಾಯಿ ಗುರುತು ಹಿಡಿದಳು, ಯಾಕೆ ಹೋದೆ ಎಂದು ಕೇಳಲಿಲ್ಲ, ಒಣ ಸೀರೆ ಕೊಟ್ಟಳು ಎಂದು ಓದಿದಳು. ಅತ್ತೆ ಸೆರಗಿನಲ್ಲಿ ಕಣ್ಣೊತ್ತಿಕೊಳ್ಳುತ್ತಿದ್ದರು. ನನಗೆ ಒಂದು ಸಣ್ಣ ಸುಳ್ಳು ಹೇಳಲು ಬಿಡದೆ ಬೆಳೆಸಿದವಳು ನನ್ನ ಅಮ್ಮ.

"ಏನೇ, ಇವತ್ತ್ ಬಂದ್ಬಿಟ್ಟೆ?" ನನ್ನ ನೆರಳು ತಿಳಿದು ಕೇಳಿದಳು.

ಇದ್ದದ್ದೇ ಬಾಯಿಗೆ ಬಂತು. "ಇದೇ ಪುಸ್ತಕ ಬಿಟ್ಟಿ ಸಿಕ್ತಮ್ಮ. ಫೋನಲ್ಲೈತೆ."

ಅಮ್ಮನ ಬೆರಳು ಗಾಜಿನ ಮೇಲೆ ನಿಂತಿತು.

"ಬಿಟ್ಟೀನಾ?" ಅತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಫೋನ್ ತೆಗೆದು ನನ್ನ ಕಡೆ ಚಾಚಿದರು. "ನಂದುಕ್ಕೂ ಆಕ್ಕೊಡು ಕಣ್ಣು. ಫೋನೇ ಓದುತ್ತೆ ಅಂತಾರಲ್ಲ. ಆ ಮಗು ಮನೆಗ್ ಬಂದಿದ್ದು ಇನ್ನೊಂದ್ ದಪ ಕೇಳ್ಬೇಕು."

ಕಳಿಸುವುದಕ್ಕೆ ಒಂದು ಗಳಿಗೆ ಸಾಕಿತ್ತು. ಅತ್ತೆಯ ಕೈ ಹಾಗೇ ಚಾಚಿಕೊಂಡಿತ್ತು. ಅಮ್ಮ ನನ್ನತ್ತ ತಿರುಗಲಿಲ್ಲ.

"ಬರಲ್ಲ ಅತ್ತೆ," ಎಂದೆ. "ಇದಕ್ಕೆ ಬೀಗ ಹಾಕವ್ರೆ."

ಅಷ್ಟು ದಿನ ಬೀಗ ಹಾಕಿದವರಿಗೆಲ್ಲ ಶಾಪ ಹಾಕಿದ ಬಾಯಿ ಅದು. ಆ ಮಾತು ಹೊರಬಿದ್ದದ್ದು ಕೇಳಿ ನಾನೇ ದಂಗಾದೆ.

"ಓಗ್ಲಿ ಬಿಡು ಕಣ್ಣು," ಅತ್ತೆ ಫೋನನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. "ನಿಮ್ಮಮ್ಮ ಓದ್ತಾಳಲ್ಲ."

ಅವರು ಅವರ ಮನೆ ಬಾಗಿಲು ಮುಟ್ಟುವಷ್ಟರಲ್ಲಿ ಅಮ್ಮ ಕತ್ತೆತ್ತಿ ಅತ್ತ ಕಡೆಗೆ ಕೂಗಿದಳು. "ನಾಳೆ ಬಿರೀನೆ ಬಾ. ಆ ಮಗು ಇನ್ನೂ ಊಟುಕ್ಕೇ ಕೂತಿಲ್ಲ."