ದಿನಕ್ಕೊಂದು ಸುಳ್ಳು

ಶಾಲೆಯಲ್ಲಿ ನನ್ನನ್ನು ಯಾರೂ ವಿಜ್ಞಾನದ ಮೇಷ್ಟ್ರು ಅನ್ನುವುದಿಲ್ಲ, ಸುಳ್ಳು ಮೇಷ್ಟ್ರು ಅನ್ನುತ್ತಾರೆ. ಅದು ನಾನೇ ಕಷ್ಟಪಟ್ಟು ಸಂಪಾದಿಸಿದ ಬಿರುದು ಎಂದು ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದೆ. ಕೊನೆಗೆ ಕೈಕೊಟ್ಟಿದ್ದೂ ಆ ಎದೆಯೇ.

ನನ್ನ ಪದ್ಧತಿ ಸರಳ. ಪ್ರತಿ ಪಾಠದ ನಡುವೆ ಬೇಕೆಂದೇ ಒಂದು ಸುಳ್ಳು ಸೇರಿಸುತ್ತೇನೆ. ಬಾವಲಿ ಹಕ್ಕಿ ಎನ್ನುತ್ತೇನೆ, ತಿಮಿಂಗಿಲ ಮೀನು ಎನ್ನುತ್ತೇನೆ. ಗಂಟೆ ಹೊಡೆಯುವುದರೊಳಗೆ ಮಕ್ಕಳು ಅದನ್ನು ಹಿಡಿಯಬೇಕು. ಕೈ ಎತ್ತಿ "ಸರ್, ಇವತ್ತಿನ ಸುಳ್ಳು ಇದು" ಎಂದರೆ ಸಾಲದು, "ಹೇಗೆ ಗೊತ್ತು?" ಎಂದು ನಾನು ಕೇಳಿದಾಗ ಆಧಾರ ಕೊಡಬೇಕು. ಪುಸ್ತಕದಲ್ಲಿದೆ ಎಂಬ ಉತ್ತರ ನಡೆಯುವುದಿಲ್ಲ, ಸರ್ ಹೇಳಿದರು ಎಂಬುದಂತೂ ನಡೆಯುವುದೇ ಇಲ್ಲ. ಮಕ್ಕಳು ಬಾಯಿಪಾಠ ಒಪ್ಪಿಸುವುದು ಬಿಟ್ಟು ಸ್ವಲ್ಪ ಯೋಚಿಸಲಿ ಎಂಬ ಆಸೆ. ಇನ್ನೊಂದು ಅನುಕೂಲವೂ ಇತ್ತೆನ್ನಿ. ನಿಜವಾಗಿಯೇ ತಪ್ಪು ಹೇಳಿ ಸಿಕ್ಕಿಬಿದ್ದಾಗ, "ಭೇಷ್! ಹಿಡೀತೀರಾ ನೋಡೋಣ ಅಂತಾನೇ ಹೇಳಿದ್ದು" ಎಂದು ಮೀಸೆ ತಿರುವಿಬಿಡುತ್ತಿದ್ದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಇದರಲ್ಲಿ ಪಳಗಿದವಳು. ತರಗತಿಯವರು ಅವಳಿಗೆ ಪತ್ತೇದಾರಿ ಎಂದೇ ಹೆಸರಿಟ್ಟಿದ್ದರು. ಒಂದು ದಿನ ಅವಳ ಅಪ್ಪ ಶಾಲೆಗೇ ಬಂದು, "ಏನ್ ಸರ್ ಕಲಿಸ್ತಿದ್ದೀರಿ? ಮನೇಲಿ ಏನು ಹೇಳಿದ್ರೂ 'ಹೇಗೆ ಗೊತ್ತಪ್ಪಾ' ಅಂತಾಳೆ, ಬಾಯಿ ತೆಗೆಯೋ ಹಾಗಿಲ್ಲ" ಎಂದು ಗೋಳಾಡಿದರು. ನಾನು ಗಂಭೀರವಾಗಿ, "ಅದೇ ಸ್ವಾಮಿ ಶಿಕ್ಷಣ" ಎಂದೆ. ಆಹಾ, ಎಂಥ ಮಾತು! ಮನೆಗೆ ಹೋಗಿ ಹೆಂಡತಿಯ ಮುಂದೂ ಅದನ್ನೇ ಕೊಚ್ಚಿಕೊಂಡೆ.

ಅವಳು ಬಟ್ಟೆ ಮಡಿಸುತ್ತಾ, "ಅದಿರ್ಲಿ ರೀ. ಮೆಟ್ಟಿಲು ಹತ್ತಿದ್ರೆ ಎದೆ ಹಿಡಿದ ಹಾಗಾಗುತ್ತೆ ಅಂದ್ರಲ್ಲ, ಡಾಕ್ಟರ್ ಹತ್ರ ಹೋಗಿದ್ರಾ?" ಎಂದಳು.

"ಅದು ಬರೀ ಗ್ಯಾಸು ಕಣೇ."

"ಹೇಗೆ ಗೊತ್ತು?"

"ನನ್ನ ಎದೆ, ನನಗೆ ಗೊತ್ತಿರಲ್ವಾ?"

ಊರ ಮಕ್ಕಳನ್ನೆಲ್ಲ ಆಧಾರ ಕೇಳುವ ಮಹಾಶಯನ ಉತ್ತರ ಇದು. ನಿಜವಾಗಿ ನನಗೆ ಹೆದರಿಕೆ. ನಮ್ಮಪ್ಪ ಗ್ಯಾಸು ಗ್ಯಾಸು ಎನ್ನುತ್ತಲೇ ಹೋದವರು. ಡಾಕ್ಟರು ಬೇರೆ ಹೆಸರು ಹೇಳಿಬಿಟ್ಟರೆ ಏನು ಗತಿ ಎಂದು ಆಸ್ಪತ್ರೆಯ ಬೀದಿಯನ್ನೇ ಬಿಟ್ಟು ಸುತ್ತು ದಾರಿಯಲ್ಲಿ ಶಾಲೆಗೆ ಹೋಗುತ್ತಿದ್ದೆ.

ನಮ್ಮ ತರಗತಿ ಮೇಲಿನ ಮಹಡಿಯಲ್ಲಿ. ಮೆಟ್ಟಿಲ ತಿರುವಿನಲ್ಲಿ ಒಂದು ನೋಟಿಸ್ ಬೋರ್ಡು ಇದೆ. ಅಲ್ಲಿ ನಿಂತು, ಕನ್ನಡಕ ಸರಿಮಾಡಿಕೊಂಡು, ಏನೋ ಘನವಾದದ್ದನ್ನು ಓದುವವನ ಹಾಗೆ ಉಸಿರು ಸುಧಾರಿಸಿಕೊಳ್ಳುವುದು ಅಭ್ಯಾಸವಾಯಿತು. ಯಾರಿಗೂ ಗೊತ್ತಾಗುತ್ತಿಲ್ಲ ಎಂದೇ ನನ್ನ ನಂಬಿಕೆ.

ಆ ಸೋಮವಾರ ಬೆಳಕಿನ ಪಾಠ. ಬೆಳಕಿಗಿಂತ ಸದ್ದು ಬೇಗ ಓಡುತ್ತದೆ ಎಂಬ ಸುಳ್ಳನ್ನು ತಯಾರಿ ಮಾಡಿಕೊಂಡು ಹೋಗಿದ್ದೆ. ಅದನ್ನು ಹೇಳುವಷ್ಟರಲ್ಲಿ ಎದೆಯ ಮೇಲೆ ಯಾರೋ ಕೂತಂತಾಗಿ ಕುರ್ಚಿಗೆ ಕುಸಿದೆ. ಮುಂದಿನ ಬೆಂಚಿನವರು "ಏನಾಯ್ತು ಸರ್?" ಎಂದರು.

"ಏನಿಲ್ಲ, ಸ್ವಲ್ಪ ಗ್ಯಾಸು. ಪುಸ್ತಕ ತೆಗೀರಿ."

ಪತ್ತೇದಾರಿ ಕೈ ಎತ್ತಿದಳು. "ಸರ್, ಇವತ್ತಿನ ಸುಳ್ಳು ಇದು."

ತರಗತಿ ಗೊಳ್ಳೆಂದಿತು. ನಾನೂ ನಗಲು ನೋಡಿದೆ, ಆಗಲಿಲ್ಲ. ಅಂಥ ಹೊತ್ತಲ್ಲಾದರೂ ಬಾಯಿ ಸುಮ್ಮನಿರಬಾರದೇ? "ಹೇಗೆ ಗೊತ್ತು?" ಎಂದುಬಿಟ್ಟೆ.

"ಫ್ಯಾನ್ ತಿರುಗ್ತಿದೆ ಸರ್, ನಮಗ್ಯಾರಿಗೂ ಸೆಖೆ ಇಲ್ಲ, ನಿಮ್ಮ ಅಂಗಿ ಮಾತ್ರ ಒದ್ದೆ. ಯಾವಾಗ್ಲೂ ಎಡಗೈಯಲ್ಲಿ ಪುಸ್ತಕ ಹಿಡ್ಕೊಂಡೇ ಪಾಠ ಮಾಡ್ತೀರಿ, ಇವತ್ತು ಪುಸ್ತಕ ಮೇಜಿನ ಮೇಲಿದೆ, ಆ ಕೈ ತಿಕ್ಕೊಳ್ತಾನೇ ಇದ್ದೀರಿ. ಆಮೇಲೆ, ಮೆಟ್ಟಿಲ ಹತ್ರ ದಿನಾ ನಿಂತು ಓದ್ತೀರಲ್ಲ ಸರ್, ಆ ಬೋರ್ಡಲ್ಲಿ ರಜೆ ಮುಗಿದಾಗಿಂದ ಏನೂ ಅಂಟಿಸೇ ಇಲ್ಲ."

ಈ ಸಲ ಯಾರೂ ನಗಲಿಲ್ಲ.

"ಬೇರೆ ಕಾರಣಾನೂ ಇರಬಹುದಲ್ಲ?" ಎಂದೆ. ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ!

"ಇರಬಹುದು ಸರ್. ಪರೀಕ್ಷೆ ಮಾಡಿಸಿದ್ರೆ ಗೊತ್ತಾಗುತ್ತೆ."

ಅಷ್ಟರಲ್ಲಿ ಯಾರೋ ಓಡಿಹೋಗಿ ಆಟದ ಮೇಷ್ಟ್ರನ್ನು ಕರೆತಂದಿದ್ದರು. ಅವರೂ ಜವಾನನೂ ಸೇರಿ ಕುರ್ಚಿ ಸಮೇತ ನನ್ನನ್ನು ಎತ್ತಿ ಇಳಿಸಿದರು, ಮೆರವಣಿಗೆಯ ಮೂರ್ತಿಯ ಹಾಗೆ. ತಿರುವಿನಲ್ಲಿ ಬೋರ್ಡಿನ ಕಡೆ ಕಣ್ಣು ಹೋಯಿತು. ಖಾಲಿ ಪಿನ್ನುಗಳು ಬಿಟ್ಟರೆ ನಿಜಕ್ಕೂ ಏನೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಇಸಿಜಿ ನೋಡಿದ ಡಾಕ್ಟರ ಮುಖ ಬಿಗಿಯಾಯಿತು. "ಹೃದಯದ ರಕ್ತನಾಳ ಕಟ್ಕೊಂಡಿದೆ, ಈಗಲೇ ಬಿಡಿಸ್ಬೇಕು. ಇನ್ನೂ ತಡ ಮಾಡಿದ್ರೆ ನಾವೂ ಏನೂ ಮಾಡೋಕಾಗ್ತಿರ್ಲಿಲ್ಲ" ಎಂದರು. ಹೆಂಡತಿ ಮನೆಯ ಹವಾಯಿ ಚಪ್ಪಲಿಯಲ್ಲೇ ಏದುಸಿರು ಬಿಡುತ್ತಾ ಬಂದು ಮಂಚದ ಕಾಲ ಬಳಿ ನಿಂತಳು.

"ಮುಂಚೆ ಯಾವಾಗಲಾದ್ರೂ ಹೀಗೆ ನೋವು ಬಂದಿತ್ತಾ?" ಡಾಕ್ಟರು ಕೇಳಿದರು.

ಅವಳ ಮುಖ ನೋಡಿ ನನಗೆ ನಾಚಿಕೆ, ಅದಕ್ಕಿಂತ ಭಯ. "ಇಲ್ಲ ಡಾಕ್ಟ್ರೇ, ಇವತ್ತೇ ಮೊದಲು" ಎಂದೆ.

ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದವಳು ನಿಧಾನಕ್ಕೆ ಕೈ ಎತ್ತಿದಳು.

ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. "ಸುಳ್ಳು ಡಾಕ್ಟ್ರೇ," ಎಂದೆ, "ತುಂಬಾ ದಿನದಿಂದ ಇದೆ."