ಮಂಗಳವಾರದ ಹನ್ನೊಂದು ಹಕ್ಕಿ

ಮಂಗಳವಾರ ನಮ್ಮೂರು ತೇಶಿಯ ದೋಣಿ ಕಡಲಿಗಿಳಿಯುವುದಿಲ್ಲ. ಕಡಲಿಗೂ ಒಂದು ದಿನ ಬಿಡುವು ಬೇಕೆಂದು ನಮ್ಮ ಗಾ ಜನಾಂಗದ ಹಿರಿಯರು ಮಾಡಿದ ಕಟ್ಟಳೆ. ತೊಟ್ಟಿಲ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ನಾಚಿಕೆಯ ಮಾತು ಅದೇ.

ಅತಾ ಸೋವಾ, ಅಂದರೆ ನಮ್ಮ ಸೋವಾ ಅಜ್ಜ, ಅರವತ್ತು ವರ್ಷ ಬಲೆ ಎಳೆದವರು. ಓದು ಬಾರದು. ಆದರೆ ರೆಕ್ಕೆ ಬಡಿತ ನೋಡಿಯೇ ಇದು ರೀವ, ಇದು ಗೊರವ, ಇದು ಚಳಿಗೆ ಹೆದರಿ ಉತ್ತರದಿಂದ ಬಂದ ನೆಂಟ ಎನ್ನುವವರು. ಅಳಿವೆಯ ಮರಳುದಿಬ್ಬದ ಮೇಲೆ ಹೋಟೆಲು ಕಟ್ಟಹೊರಟ ಕಂಪನಿ, ಒಪ್ಪಿಗೆಗೆ ಲೆಕ್ಕ ಬೇಕೆಂದು ಅಲ್ಲಿನ ಹಕ್ಕಿ ಎಣಿಸಲು ಅವರನ್ನೇ ಕರೆಯಿತು. ತನ್ನ ಹೆಸರಿದ್ದ ಟೋಪಿ ಹಾಕಿಸಿತು. ಯಾವ ದಿನ ಬಿಡುವು ಎಂದು ಕೇಳಿತು. "ಮಂಗಳವಾರ" ಎಂದರು ಅತಾ. ಮೀನುಗಾರನಿಗೆ ಬೇರೆ ಯಾವ ದಿನ ಬಿಡುವು?

ಮಂಗಳವಾರ ದಿಬ್ಬದ ತುಂಬ ದೋಣಿ, ಬಲೆ ಹೊಲಿಯುವ ಗಂಡಸರು, ಮಕ್ಕಳ ಫುಟ್‌ಬಾಲು. ಮೀನಿಲ್ಲ, ಹಕ್ಕಿ ಯಾಕೆ ಬಂದಾವು? ಅತಾಗೆ ಸಿಕ್ಕಿದ್ದು ಹನ್ನೊಂದು.

"ನಾಳೆ ಬನ್ನಿ, ಜಾಸ್ತಿ ಇರ್ತಾವೆ" ಅಂದರಂತೆ.

"ಕಂಡಷ್ಟು ಬರೆದ್ರೆ ಸಾಕು, ಅತಾ" ಎಂದು ಕಂಪನಿಯವರು ಹೆಬ್ಬೆಟ್ಟು ಒತ್ತಿಸಿಕೊಂಡರು.

ಆ ಹನ್ನೊಂದನ್ನು ಹಿಡಿದುಕೊಂಡು ಹೋದ ವಾರ ಇದೇ ಅಂಕಣದಲ್ಲಿ ನಿಮ್ಮನ್ನೆಲ್ಲ ಬೈದೆ. ಕಸ ಸುರಿದು ಹಕ್ಕಿ ಓಡಿಸಿದಿರಿ, ಇನ್ನು ಹೋಟೆಲಾದರೂ ಬರಲಿ ಎಂದೆ. ಎಣಿಸಿದ್ದು ಯಾವ ದಿನ ಎಂದು ಮಾತ್ರ ಕೇಳಲಿಲ್ಲ.

ಮೊನ್ನೆ ಸೋಮವಾರ ನಸುಕಿಗೆ ಅತಾ ಬಾಗಿಲು ಬಡಿದರು. "ಏಳೇ ಬರಹಗಾರ್ತಿ! ಬೈಯೋಕೆ ಬಾಯಿದೆ, ನೋಡೋಕೆ ಕಣ್ಣಿಲ್ವಾ?"

ದೋಣಿಗಳು ದಡ ಮುಟ್ಟುತ್ತಿದ್ದವು. ಅವುಗಳ ಬೆನ್ನಿಗೇ ರೀವಗಳು, ಯಾರೋ ಬೊಗಸೆ ಬೊಗಸೆ ಉಪ್ಪು ಎರಚಿದ ಹಾಗೆ. ನೀರಂಚಿನಲ್ಲಿ ಗೊರವಗಳ ಓಡಾಟ. ನಾನೂರಕ್ಕೆ ನನ್ನ ಎಣಿಕೆ ತಪ್ಪಿತು.

"ಇಷ್ಟಕ್ಕೇ ಸುಸ್ತಾ?" ಅತಾ ನಗಲಿಲ್ಲ. ಕೈಯಲ್ಲಿದ್ದ ಕಂಪನಿ ಟೋಪಿಯ ತುಂಬ ಮೀನಿನ ತಲೆಗಳು. "ಮೀನು ಮಾರೋ ಹೆಂಗಸರು ನನ್ನ 'ಹನ್ನೊಂದಜ್ಜ' ಅಂತಾರೆ ಮಗಳೇ. ಹೆಬ್ಬೆಟ್ಟು ನಂದೇ ತಾನೆ? ಶುಕ್ರವಾರ ಹೋಟೆಲಿಗೆ ಒಪ್ಪಿಗೆ ಕೊಡೋ ಸಭೇಲಿ ಎದ್ದು ತಪ್ಪಾಯ್ತು ಅಂತೀನಿ. ನಗೋರು ನಗಲಿ."

"ನಾನೂ ಅಂತೀನಿ, ಅತಾ."

"ಅನ್ನದೆ ಇದ್ರೆ ಬಿಡ್ತೀನಾ?"

ಶುಕ್ರವಾರ ಒಪ್ಪಿಗೆ ಸಿಕ್ಕಿದರೆ ದಿಬ್ಬ ಹೋಯಿತು. ಒಬ್ಬ ಮುದುಕ, ಒಬ್ಬಳು ದಡ್ಡಿ ತಪ್ಪೊಪ್ಪಿಕೊಂಡರೆ ಸಭೆ ಅಲುಗುವುದಿಲ್ಲ. ನಾಳೆ ಗುರುವಾರ, ದೋಣಿ ಬರುವ ಹೊತ್ತಿಗೆ ಅಳಿವೆಗೆ ಬನ್ನಿ. ನೀವೇ ಎಣಿಸಿ. ಎಣಿಸಿದ್ದನ್ನು ಶುಕ್ರವಾರ ಅತಾ ಸೋವಾರ ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಹೇಳಿ.