ಸೆರಗಿನ ಒಂದೇ ಗಂಟು

ಬೆಳಿಗ್ಗೆ ಆರೂವರೆಗೆ ನನ್ನ ಫೋನು ನನಗೆ ನೀರು ಕುಡಿಯಲು ಹೇಳುತ್ತದೆ. ಆರು ನಲವತ್ತಕ್ಕೆ ದೀರ್ಘವಾಗಿ ಉಸಿರೆಳೆದುಕೊಳ್ಳಲು ಹೇಳುತ್ತದೆ. ಇವತ್ತು ಹಾಗೆ ಎಳೆದುಕೊಂಡಾಗ ಮೂಗಿಗೆ ಬಂದದ್ದು ರೊಟ್ಟಿ ಸೀದ ವಾಸನೆ. ಐವತ್ತರ ಹತ್ತಿರ ಬಂದ ಹೆಂಗಸಿಗೆ ಉಸಿರಾಡುವುದನ್ನೂ ನೆನಪು ಮಾಡಿಕೊಡಬೇಕೇ ಎಂದು ನೀವು ಕೇಳಬಹುದು. ನನಗೆ ಬೇಕು. ಚಿಂತೆಗೆ ಕೂತರೆ ನಾನು ಅದನ್ನೂ ಮರೆಯುವವಳು.

ಈ ಏರ್ಪಾಡು ಮಗಳದ್ದು. ನಿಪ್ಪಾಣಿಯ ಕಾಲೇಜೊಂದರಲ್ಲಿ ಪಾಠ ಹೇಳುವ ಅವಳು ಹೋದ ತಿಂಗಳು ಬಂದು, "ಮಮ್ಮಿ, ದಿನಾ ಏನೇನ್ ಮಾಡಬೇಕು ಎಲ್ಲಾ ಇದರಾಗ ಹಾಕ್ಕೋ, ಅದ ನೆನಪ ಮಾಡ್ತೈತಿ" ಎಂದು ಕಲಿಸಿ ಹೋದಳು. ಅಂಗಳದಲ್ಲಿ ಮುಸುಕು ಹೊದ್ದು ನಿಂತಿರುವ ನನ್ನ ಸ್ಕೂಟರೇ ಅವಳ ಕಳವಳಕ್ಕೆ ಕಾರಣ. ದಸರೆಗೆ ಅದಕ್ಕೆ ಹಚ್ಚಿದ ಕುಂಕುಮ ಇನ್ನೂ ಹಾಗೇ ಇದೆ. ನಾನು ಕೆಲಸ ಮಾಡುವ ಅಂಗನವಾಡಿ ಎರಡು ಮೈಲಿ ದೂರ. ಕಬ್ಬಿಗೆ ನೀರು ಬಿಟ್ಟು ನನ್ನ ಯಜಮಾನರು ಬರುವ ತನಕ ಕಾದು, ಅವರ ಗಾಡಿಯ ಹಿಂದೆ ಕೂತು ಹೋಗುತ್ತೇನೆ. ನನಗೆ ಸ್ಕೂಟರ್ ಓಡಿಸಲು ಬರುತ್ತದೆ, ಲೈಸೆನ್ಸೂ ಬಂದಿದೆ. ಬರದೆ ಉಳಿದದ್ದು ಧೈರ್ಯವೊಂದೇ.

ಸೀದ ರೊಟ್ಟಿಯನ್ನು ಎಮ್ಮೆಗೆ ಹಾಕಲು ಹೊರಗೆ ಹೋದರೆ ಅತ್ತೆ ಗೋದಲಿಯ ಪಕ್ಕ ಚಹಾ ಕುಡಿಯುತ್ತ ಕೂತಿದ್ದರು. ಅವರ ಸೆರಗಿನ ತುದಿಯಲ್ಲಿ ಎಂದಿನಂತೆ ಒಂದು ಗಂಟು.

ನಾನು ಭೋಜ ಎಂಬ ಈ ಊರಿಗೆ ಸೊಸೆಯಾಗಿ ಬಂದಾಗ ಮೊದಲು ಗಮನಿಸಿದ್ದೇ ಆ ಗಂಟನ್ನು. ಹಾಲು ಕರೆಯುವ ಮುಂಚೆ, ಅಂದು ಮಾಡಲೇಬೇಕಾದ ಒಂದು ಕೆಲಸಕ್ಕೆ ಅವರು ಗಂಟು ಹಾಕುತ್ತಿದ್ದರು. ಸಂಜೆ ದೀಪ ಹಚ್ಚಿ ಬಿಚ್ಚುತ್ತಿದ್ದರು. ಕೆಲಸ ಆಗಿದ್ದರೆ "ಆತು." ಆಗದಿದ್ದರೆ ಯಾಕೆಂದು ತಮಗೆ ತಾವೇ ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದರು. ಒಮ್ಮೆ ಕೇಳಿಸಿತು: "ತಂಗಿ ಮನಿಗೆ ಹೋಗೂದಿತ್ತು, ಹೋಗ್ಲಿಲ್ಲ. ಕೆಲಸ ಭಾಳ ಇತ್ತು ಅನ್ನಬಹುದು. ಖರೇ ಅಂದ್ರ, ಸಿಟ್ಟ ಇನ್ನೂ ಇಳದಿಲ್ಲ." ಮರುದಿನ ಮತ್ತೆ ಅದೇ ಗಂಟು. ಮೂರನೆಯ ದಿನ ಹೋಗಿಬಂದರು, ತಂಗಿ ಕೊಟ್ಟ ಹೀರೇಕಾಯಿಯ ಸಮೇತ.

ನಾನೂ ಕಲಿತೆ. ನಾನು ಏನನ್ನು ಕಲಿತರೂ ತುಸು ಜಾಸ್ತಿಯೇ ಕಲಿಯುತ್ತೇನೆ. ಆಗ ಅಂಗನವಾಡಿಯ ಕೆಲಸಕ್ಕೆ ಅರ್ಜಿ ಕರೆದಿದ್ದರು. ಚಿಕ್ಕೋಡಿಯ ಕಚೇರಿಗೆ ಹೋಗಿ ಕೊಡಬೇಕಿತ್ತು. ಆ ಕೆಲಸ ನನಗೆ ಎಷ್ಟು ಬೇಕಾಗಿತ್ತೆಂದರೆ, ತಿಂಗಳಿಡೀ ಅದರ ಬಗ್ಗೆ ಚಿಂತೆ ಮಾಡುವುದನ್ನು ಬಿಟ್ಟು ಬೇರೇನೂ ಮಾಡಲಿಲ್ಲ. ಗಡುವಿಗೆ ಎರಡೇ ದಿನ ಉಳಿದಾಗ ಅತ್ತೆ ನನ್ನ ಸೆರಗು ಹಿಡಿದು ನೋಡಿದರು. ಏಳು ಗಂಟು.

"ಇವೇನ ಪೋರಿ, ಸೀರಿಗೆ ಗೆಜ್ಜಿ ಕಟ್ಟೀ?"

"ಇದು ಬಸ್ ತಪ್ಪಿದ್ರ ಅಂತರಿ. ಇದು ಸಾಹೇಬ್ರು ಮರಾಠಿಯೊಳಗ ಕೇಳಿದ್ರ ಅಂತ. ಇದು ನಾ ಹೋದಾಗ ಎಮ್ಮಿ ಈದ್ರ ಅಂತ. ಇದು..." ಅದರದು ನೆನಪಾಗಲಿಲ್ಲ.

"ಮರ್ತ ಚಿಂತೀನೂ ಗಂಟ ಹಾಕಿ ಇಟ್ಟೀಯಲ್ಲ. ಅರ್ಜಿ ಕೊಡೂದಕ್ಕ ಯಾವ ಗಂಟು?"

ನಾನು ಏಳನ್ನೂ ಮುಟ್ಟಿ ನೋಡಿದೆ. ಅದಕ್ಕೆ ಗಂಟೇ ಇರಲಿಲ್ಲ.

ಅತ್ತೆ ನಗಲಿಲ್ಲ. ಏಳನ್ನೂ ಬಿಚ್ಚಿ, ಹೊಸದಾಗಿ ಒಂದು ಹಾಕಿದರು. "ಗಂಟ ಹಾಕೂದು ಮಾಡೂ ಕೆಲಸಕ್ಕ. ಅಂಜಿಕಿಗೆ ಸೆರಗ ಸಾಲೂದಿಲ್ಲ, ಅರಿವಿ ಅಂಗಡ್ಯಾಗಿನ ಇಡೀ ತಾನ ಹರೀಬೇಕಾಕ್ಕೈತಿ. ನಾಳೆ ಮೊದಲನೇ ಬಸ್ಸಿಗೆ ಹೋಗು. ಎಮ್ಮಿ ಈಸೂದು ನನಗ ಗೊತ್ತೈತಿ." ಹೋದೆ, ಕೊಟ್ಟೆ. ಕೆಲಸವೂ ಸಿಕ್ಕಿತು. ಸಾಹೇಬರು ಯಾವ ಭಾಷೆಯಲ್ಲೂ ಏನನ್ನೂ ಕೇಳಲಿಲ್ಲ.

ಇದೆಲ್ಲ ನೆನಪಾಗಿ, ಅಲ್ಲೇ ಎಮ್ಮೆಯ ಮುಂದೆ ನಿಂತು ಫೋನು ತೆಗೆದು ನೋಡಿದೆ. ಹನ್ನೊಂದು ನೆನಪೋಲೆಗಳು. ನೀರು ಕುಡಿ, ಉಸಿರಾಡು, ಸ್ಕೂಟರ್ ಒರೆಸು, ಗಾಲಿಯ ಗಾಳಿ ನೋಡು, ಹೆಲ್ಮೆಟ್ ಬಿಸಿಲಿಗಿಡು, ಮೋಡ ಇದೆಯೇ ನೋಡು. ಸ್ಕೂಟರ್ ಓಡಿಸು ಎಂಬುದೊಂದು ಮಾತ್ರ ಇರಲಿಲ್ಲ. ಇಷ್ಟು ವರ್ಷಗಳಲ್ಲಿ ನಾನು ಬದಲಿಸಿದ್ದು ಸೆರಗನ್ನಷ್ಟೇ.

ಫೋನಿನ ಬಾಯಿ ಮುಚ್ಚಿಸಿ ಸೆರಗಿಗೆ ಒಂದು ಗಂಟು ಹಾಕಿದೆ. ಅದನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಹೆಲ್ಮೆಟ್ ಹಾಕಿಕೊಂಡು ಹೊರಟೆ. ಅತ್ತೆ ಚಹಾದ ಲೋಟವನ್ನು ದಾರಿಯಿಂದ ಆಚೆಗೆ ಸರಿಸಿಟ್ಟುಕೊಂಡರು. ಊರ ಹೊರಗೆ ಕುರಿ ಹೊಡೆದುಕೊಂಡು ಹೊರಟಿದ್ದ ಮುದುಕ ನನ್ನ ಗಾಡಿಯ ವೇಗ ನೋಡಿ, "ಅಕ್ಕಾರ, ಸಾವಕಾಶ ಬರ್ರಿ, ಕುರಿ ಮುಂದ ಹೋಗಿ ನಿಮ್ಮ ಹಾದಿ ನೋಡ್ತಾವು" ಎಂದ. ನಗು ಬಂತು. ನಗುತ್ತಲೇ ಅಂಗನವಾಡಿ ತಲುಪಿದೆ.

ಸಂಜೆ ದೀಪ ಹಚ್ಚಿ ಗಂಟು ಬಿಚ್ಚಿದೆ. ಅತ್ತೆ ಖಾಲಿ ಅಂಗಳವನ್ನೇ ನೋಡುತ್ತಿದ್ದರು.

"ಗಾಡಿ ಎಲ್ಲೈತಿ ಪೋರಿ?"

ಕತ್ತಲಾಗುತ್ತಿತ್ತು, ರಸ್ತೆ ಸರಿಯಿಲ್ಲ, ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಎಂದೆಲ್ಲ ಹೇಳಬಹುದಿತ್ತು. "ಅಂಗನವಾಡಿಯೊಳಗ ಐತ್ರಿ. ಹೋಗೂದು ಆತು. ಬರೂಮುಂದ ಇವರ ಹಿಂದ ಕುಂತ ಬಂದೆ. ಅಂಜಿಕಿ ಆತ್ರಿ," ಎಂದೆ.

"ಚಲೋ ಆತು," ಎಂದರು ಅತ್ತೆ. "ನಾಳಿನ ಗಂಟು ಹುಡಕೂದ ತಪ್ಪಿತು."